ಇಂದಿನ ಧಮ್ಮ ಚಿಂತನ: ಬೆರಕೆ ಆಮೆ ಮತ್ತು ನಮ್ಮ ಸಮ್ಯಕ್ ಆಜೀವ



ಇಂದಿನ ಚಿಂತನ ಸ್ವಲ್ಪ ಉದ್ದವಿದೆ. ಬೆಳಿಗ್ಗೆ ಪುರುಸೊತ್ತು ಇಲ್ಲದವರು ಸಂಜೆ ಕೂತು ಓದಿ. ಮನೆಯಲ್ಲಿ ಮಕ್ಕಳಿದ್ದರೆ ಅವರಿಗೂ ಓದಿ ಹೇಳಿ.

*ಪ್ರಶ್ನೆ ಬಂದದ್ದು ಹೀಗೆ*

ಕಳೆದ ಭಾನುವಾರ ವಿಹಾರದಲ್ಲಿ ವಂದನೆ, ಪಂಚಶೀಲ ಮುಗಿದ ಮೇಲೆ ಒಬ್ಬ ತಮ್ಮ ಎದ್ದು ನಿಂತ. ಡಿಗ್ರಿ ಮುಗಿಸಿ ಮೂರು ವರ್ಷವಾಗಿದೆ, ಕೆಲಸ ಸಿಕ್ಕಿಲ್ಲ. ಸಾಲ ಮಾಡಿ ಸಣ್ಣದೊಂದು ವ್ಯಾಪಾರ ಶುರು ಮಾಡಬೇಕೆಂದಿದ್ದಾನೆ.

"ಅಣ್ಣ, ಆಫ್ರಿಕಾದ ಎರಡು ಜಾತಿ ಆಮೆ ಇವೆ. ಎರಡನ್ನೂ ಕೂಡಿಸಿ ಬೆರಕೆ ಮರಿ ಮಾಡಿಸಿದ್ರೆ ಸಾಕೋರು ಒಳ್ಳೆ ಬೆಲೆ ಕೊಡ್ತಾರಂತೆ. ವಿಡಿಯೋದಲ್ಲಿ ನೋಡಿದೆ. ಇದರಲ್ಲಿ ಕೊಲ್ಲೋದಿಲ್ಲ, ಕದಿಯೋದಿಲ್ಲ, ಸುಳ್ಳು ಹೇಳೋದಿಲ್ಲ. ಶೀಲಕ್ಕೆ ಏನಾದ್ರೂ ತೊಂದ್ರೆ ಇದ್ಯಾ?" ಎಂದು ಕೇಳಿದ.

ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ತಕ್ಷಣ ಹೇಳಿದರು: "ಬೆರಕೆ ಮಾಡೋದೇ ತಪ್ಪು ಕಣಪ್ಪ. ಶುದ್ಧ ತಳಿ ಕೆಟ್ಟುಹೋಗುತ್ತೆ."

ಆಗ ಹಿಂದೆ ಕೂತಿದ್ದ ಅಕ್ಕ ಒಬ್ಬರು ಮಾತಾಡಿದರು. ಅವರು ಸಾಮಾನ್ಯವಾಗಿ ಸಭೆಯಲ್ಲಿ ಬಾಯಿ ಬಿಡುವವರಲ್ಲ. "ಅಣ್ಣ, ಶುದ್ಧ, ಬೆರಕೆ ಅನ್ನೋ ಮಾತು ಈ ವಿಹಾರದೊಳಗೆ ಬೇಡ. ನನ್ನ ಮಗಳು ಬೇರೆ ಜಾತಿ ಹುಡುಗನ್ನ ಮದುವೆ ಆದಾಗ ಊರಿನವರು ನಮ್ಮ ಮನೆ ಮುಂದೆ ನಿಂತು ಇದೇ ಮಾತು ಆಡಿದ್ರು. ನನ್ನ ಮೊಮ್ಮಗೂಗೂ ಅದೇ ಹೆಸರು ಇಟ್ರು."

ಸಭೆ ಮೌನವಾಯಿತು. ಆ ಹಿರಿಯರೂ ತಲೆ ತಗ್ಗಿಸಿದರು. ಹೊತ್ತಾಗಿದ್ದರಿಂದ, ಬರೆದು ಕಳಿಸುತ್ತೇನೆ ಎಂದು ನಾನು ಮಾತು ಕೊಟ್ಟೆ. ತಮ್ಮನ ಪ್ರಶ್ನೆಗೂ ಅಕ್ಕನ ಮಾತಿಗೂ ಒಟ್ಟಿಗೆ ಉತ್ತರ ಕೊಡಬೇಕು. ಒಂದಕ್ಕೆ ಉತ್ತರಿಸುವ ಭರದಲ್ಲಿ ಇನ್ನೊಂದಕ್ಕೆ ಮೋಸ ಮಾಡಬಾರದು.

*ಮೊದಲು ಆಮೆಯನ್ನು ತಿಳಿಯೋಣ*

ಧಮ್ಮದಲ್ಲಿ ಕರುಣೆಯ ಜೊತೆಗೆ ಪ್ರಜ್ಞೆ ಇರಬೇಕು. ವಿಷಯ ತಿಳಿಯದೆ ತೀರ್ಪು ಕೊಡುವುದು ನಮ್ಮ ದಾರಿಯಲ್ಲ.

ತಮ್ಮ ಹೇಳಿದ ಎರಡು ಜಾತಿಗಳಲ್ಲಿ ಒಂದು ಸಲ್ಕಾಟಾ. ಸಹಾರಾ ಮರುಭೂಮಿಯ ದಕ್ಷಿಣ ಅಂಚಿನ ಒಣನೆಲ ಅದರ ತವರು. ಮೊಟ್ಟೆಯೊಡೆದು ಬಂದಾಗ ಅಂಗೈ ಮೇಲೆ ಕೂರುವಷ್ಟೇ ಇರುತ್ತದೆ. ಬೆಳೆದ ಗಂಡು 50 ಕಿಲೋ ದಾಟುತ್ತದೆ, ಕೆಲವು ಇನ್ನೂ ಬಹಳ ಭಾರ ತೂಗುತ್ತವೆ. ಬಿಸಿಲಿನಿಂದ ತಪ್ಪಿಸಿಕೊಳ್ಳಲು ಮೀಟರುಗಟ್ಟಲೆ ಉದ್ದದ ಬಿಲ ತೋಡುತ್ತದೆ. ಗಂಡುಗಳು ಒಂದನ್ನೊಂದು ಗುದ್ದಿ ಮಗುಚಿ ಹಾಕುತ್ತವೆ. ಇನ್ನೊಂದು ಚಿರತೆ ಆಮೆ. ಮೈಮೇಲಿನ ಚುಕ್ಕೆಗಳಿಂದ ಅದಕ್ಕೆ ಆ ಹೆಸರು. ಪೂರ್ವ ಮತ್ತು ದಕ್ಷಿಣ ಆಫ್ರಿಕಾದ ಹುಲ್ಲುಗಾವಲು ಅದರ ಊರು. ಅದು ಗಾತ್ರದಲ್ಲಿ ಚಿಕ್ಕದು, ಸ್ವಭಾವದಲ್ಲಿ ಸಾಧು, ಸಲ್ಕಾಟಾದಂತೆ ಬಿಲ ತೋಡುವುದಿಲ್ಲ.

ಸಾಕಿದವರ ಮನೆಗಳಲ್ಲಿ ಇವೆರಡರ ಬೆರಕೆ ಮರಿಗಳು ಹುಟ್ಟಿರುವುದು ನಿಜ. ಆದರೆ ಆ ಮರಿ ಎಷ್ಟು ದೊಡ್ಡದಾಗುತ್ತದೆ, ಬಿಲ ತೋಡುತ್ತದೋ ಇಲ್ಲವೋ, ತಾಯಿಯಂತೆ ಸಾಧುವೋ ತಂದೆಯಂತೆ ಗುದ್ದುವುದೋ ಎಂಬುದನ್ನು ಮಾರುವವನು ಹೇಳಲಾರ, ಕೊಳ್ಳುವವನೂ ಹೇಳಲಾರ. ಅದು ಬೆಳೆದ ಮೇಲೆಯೇ ಗೊತ್ತಾಗುವುದು. ಅಷ್ಟರೊಳಗೆ ಅದು ಯಾರದೋ ಮಹಡಿ ಮನೆಯ ಬಾಲ್ಕನಿಯಲ್ಲಿರುತ್ತದೆ.

ಯುರೋಪಿನ ಒಂದು ಉದಾಹರಣೆ ನೋಡಿ. ಅಲ್ಲಿ ಸಾಕುವ ಹರ್ಮನ್ ಆಮೆ ಚಳಿಗಾಲವಿಡೀ ಮಣ್ಣಿನಡಿ ನಿದ್ದೆ ಮಾಡುತ್ತದೆ. ಗ್ರೀಕ್ ಆಮೆ ಎಂದು ಕರೆಯುವ ಇನ್ನೊಂದು ಜಾತಿಯಲ್ಲಿ, ಉತ್ತರ ಆಫ್ರಿಕಾದ ಬೆಚ್ಚಗಿನ ಸೀಮೆಯಿಂದ ಬಂದವುಗಳಿಗೆ ಅಂಥ ದೀರ್ಘ ನಿದ್ದೆಯ ರೂಢಿ ಇಲ್ಲ. ಇವೆರಡಕ್ಕೂ ಹುಟ್ಟಿದ ಮರಿಯನ್ನು ಚಳಿಗಾಲದಲ್ಲಿ ಮಲಗಿಸಬೇಕೋ ಎಚ್ಚರವಾಗಿಡಬೇಕೋ? ತಪ್ಪು ನಿರ್ಧಾರ ಮಾಡಿದರೆ ಅದರ ಜೀವಕ್ಕೇ ಅಪಾಯ. ಕಾಯಿಲೆಯ ವಿಷಯವೂ ಇದೆ. ಗ್ರೀಕ್ ಆಮೆ ಒಂದು ಬಗೆಯ ಹರ್ಪಿಸ್ ವೈರಸ್ ಹೊತ್ತುಕೊಂಡೂ ಆರಾಮಾಗಿ ಬದುಕಬಲ್ಲದು. ಅದೇ ವೈರಸ್ ಹರ್ಮನ್ ಆಮೆಗೆ ತಗುಲಿದರೆ ಅದು ಸಾಯುವ ಸಂಭವ ಬಹಳ. ಮರಿ ಮಾಡಿಸಲು ಎರಡು ಜಾತಿಗಳನ್ನು ಒಂದೇ ಆವರಣದಲ್ಲಿ ಬಿಡುವುದರಲ್ಲೇ ಈ ಅಪಾಯ ಇದೆ.

ಇನ್ನು ಆಯಸ್ಸು. ಸಲ್ಕಾಟಾ 70 ವರ್ಷಕ್ಕೂ ಹೆಚ್ಚು ಬಾಳಬಲ್ಲದು. ಸೇಂಟ್ ಹೆಲೆನಾ ದ್ವೀಪದ ಜೊನಾಥನ್ ಎಂಬ ದೈತ್ಯ ಆಮೆ 1832ರ ಸುಮಾರಿಗೆ ಹುಟ್ಟಿದ್ದೆಂದು ಅಂದಾಜು. ಆಗ ನಮ್ಮ ಜ್ಯೋತಿಬಾ ಫುಲೆ ಐದು ವರ್ಷದ ಮಗು. ಆ ಆಮೆ ಇಪ್ಪತ್ತೊಂದನೇ ಶತಮಾನವನ್ನೂ ಕಂಡಿತು. ಆಮೆ ಸಾಕುವವನು ತನ್ನ ನಂತರದವರಿಗೂ ಒಂದು ಹೊಣೆ ಬರೆದಿಟ್ಟು ಹೋಗುತ್ತಾನೆ.

*ಅಕ್ಕನ ಮಾತು: ಶುದ್ಧ ಯಾವುದು, ಬೆರಕೆ ಯಾವುದು?*

ಈಗ ಅಕ್ಕನ ಮಾತಿಗೆ ಬರೋಣ.

"ರಕ್ತ ಕೆಡುತ್ತದೆ" ಎಂಬ ಮಾತಿನ ಹಿಂದೆ ಸಾವಿರಾರು ವರ್ಷಗಳ ಕ್ರೌರ್ಯ ಇದೆ. ವರ್ಣಸಂಕರ ಎಂಬ ಪದವನ್ನು ಕಟ್ಟಿ, ಬೇರೆ ಬೇರೆ ವರ್ಣದವರಿಗೆ ಹುಟ್ಟಿದ ಮಕ್ಕಳನ್ನು ಊರ ಹೊರಗೆ ದೂಡಲು ಮನುಸ್ಮೃತಿ ನೆಪ ಕೊಟ್ಟಿತು. ಈಗಲೂ ಪ್ರೀತಿಸಿ ಮದುವೆಯಾದ ನಮ್ಮ ಮಕ್ಕಳು ಮರ್ಯಾದೆಯ ಹೆಸರಿನಲ್ಲಿ ಕೊಲೆಯಾಗುತ್ತಿದ್ದಾರೆ. ಹಾಗಾಗಿ ಆಮೆಯ ವಿಷಯದಲ್ಲೂ ನಾವು ಆ ಮಾತನ್ನು ಹಗುರಾಗಿ ಎತ್ತಿಕೊಳ್ಳಬಾರದು.

ಬುದ್ಧರು ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿದ್ದು ವಾಸೆಟ್ಠ ಸುತ್ತದಲ್ಲಿ. ವಾಸೆಟ್ಠ, ಭಾರದ್ವಾಜ ಎಂಬ ಇಬ್ಬರು ಬ್ರಾಹ್ಮಣ ಯುವಕರು ವಾದ ಮಾಡಿಕೊಂಡು ಭಗವಾನರ ಬಳಿ ಬರುತ್ತಾರೆ. ಮನುಷ್ಯ ಬ್ರಾಹ್ಮಣನಾಗುವುದು ಹುಟ್ಟಿನಿಂದಲೋ ನಡತೆಯಿಂದಲೋ ಎಂಬುದು ಅವರ ವಾದ. ಭಗವಾನರು ಹುಲ್ಲು, ಮರ, ಹುಳು, ನಾಲ್ಕು ಕಾಲಿನ ಪ್ರಾಣಿ, ಹಾವು, ಮೀನು, ಹಕ್ಕಿಗಳನ್ನು ಒಂದೊಂದಾಗಿ ಹೆಸರಿಸುತ್ತಾರೆ. ಅವುಗಳಲ್ಲಿ ಹುಟ್ಟಿನಿಂದಲೇ ಬರುವ ಬೇರೆ ಬೇರೆ ಗುರುತುಗಳಿವೆ. ಮನುಷ್ಯರಲ್ಲಿ ಅಂಥ ಗುರುತು ಇಲ್ಲ. ತಲೆಯಿಂದ ಕಾಲಿನವರೆಗೆ ಹುಡುಕಿದರೂ ಸಿಗುವುದಿಲ್ಲ. ಹೊಲ ಉಳುವವನು ರೈತ, ವ್ಯಾಪಾರ ಮಾಡುವವನು ವ್ಯಾಪಾರಿ. ಭೇದ ಇರುವುದು ಮಾಡುವ ಕೆಲಸದಲ್ಲಿ, ಹೆಸರಿನಲ್ಲಿ. ಇದು ಆ ಸುತ್ತದ ಸಾರ.

ಇದನ್ನು ಗಮನವಿಟ್ಟು ನೋಡಿ. ಸಲ್ಕಾಟಾ ಬೇರೆ, ಚಿರತೆ ಆಮೆ ಬೇರೆ ಎಂಬುದು ಪ್ರಕೃತಿಯಲ್ಲಿರುವ ನಿಜವಾದ ವ್ಯತ್ಯಾಸ. ಅವು ಲಕ್ಷಾಂತರ ವರ್ಷ ಬೇರೆ ನೆಲದಲ್ಲಿ, ಬೇರೆ ಹವೆಯಲ್ಲಿ ಬದುಕಿ ಬೇರೆಯಾಗಿವೆ. ಮನುಷ್ಯರ ಜಾತಿ ಹಾಗಲ್ಲ. ಕೇರಿಯ ಹುಡುಗಿ, ಮೇಲಿನ ಬೀದಿಯ ಹುಡುಗ ಒಂದೇ ಜೀವಜಾತಿ. ಆದ್ದರಿಂದ ಅಕ್ಕನ ಮೊಮ್ಮಗ 'ಬೆರಕೆ' ಆಗಲು ಸಾಧ್ಯವೇ ಇಲ್ಲ. ಅವನು ಮನುಷ್ಯನ ಮಗು, ಅಷ್ಟೇ.

ಬಾಬಾಸಾಹೇಬರು 1936ರಲ್ಲಿ 'ಜಾತಿ ವಿನಾಶ' ಬರೆದಾಗ, ಜಾತಿ ಎಂದರೆ ರಕ್ತ ಶುದ್ಧವಾಗಿಡುವ ಏರ್ಪಾಡು ಎಂಬ ವಾದವನ್ನು ತೆಗೆದುಕೊಂಡು ಚೂರುಚೂರು ಮಾಡಿದರು. ಪಂಜಾಬಿನ ಬ್ರಾಹ್ಮಣನಿಗೂ ಮದರಾಸಿನ ಬ್ರಾಹ್ಮಣನಿಗೂ ಯಾವ ರಕ್ತ ಸಂಬಂಧ ಎಂದು ಕೇಳಿದರು. ಅಂತರ್ಜಾತಿ ವಿವಾಹವೇ ಜಾತಿ ರೋಗಕ್ಕೆ ನಿಜವಾದ ಮದ್ದು ಎಂದರು. ಬೆರೆಯುವುದನ್ನು ಅವರು ಎಂದೂ ದೋಷವೆಂದು ಕಾಣಲಿಲ್ಲ.

ಪ್ರಕೃತಿಗೂ ಬೆರೆಯುವುದು ದೋಷವಲ್ಲ. ಅಮೆರಿಕದ ನೈಋತ್ಯದ ಮರುಭೂಮಿಯಲ್ಲಿ ಅಕ್ಕಪಕ್ಕದ ಎರಡು ಜಾತಿಯ ಆಮೆಗಳು ಗಡಿ ಸೇರುವ ಕಡೆ ತಾವಾಗಿಯೇ ಕೂಡಿ ಮರಿ ಮಾಡುತ್ತವೆ. ಅಲ್ಲಿ ಯಾರೂ ಯಾರನ್ನೂ ಕೂಡಿಹಾಕಿಲ್ಲ, ಯಾರೂ ಮಾರುತ್ತಿಲ್ಲ.

ಹಾಗಾಗಿ ಮೊದಲ ಮಾತು ಇದು: ತಮ್ಮನ ಯೋಜನೆಯಲ್ಲಿ ತಪ್ಪಿದ್ದರೆ, ಅದು 'ಬೆರಕೆ' ಎಂಬುದರಲ್ಲಿ ಇಲ್ಲ. ಬೆರಕೆ ಮರಿ ಕೀಳಲ್ಲ. ಅದು ಹುಟ್ಟಿದ ಮೇಲೆ ಬೇರೆ ಯಾವ ಜೀವಕ್ಕೂ ಕಡಿಮೆಯಿಲ್ಲದಷ್ಟು ಮೈತ್ರಿಗೆ ಅರ್ಹ.

*ಬೆರಕೆಯನ್ನೇ ಕಾಪಾಡಿದ ದ್ವೀಪ*

ಹಾಗಾದರೆ ತಪ್ಪು ಎಲ್ಲಿದೆ? ಇದಕ್ಕೆ ಗಲಾಪಗೋಸ್ ದ್ವೀಪಗಳ ಕಥೆ ಸಹಾಯ ಮಾಡುತ್ತದೆ.

ಪೆಸಿಫಿಕ್ ಸಾಗರದ ಈ ದ್ವೀಪಗಳು ಈಕ್ವೆಡಾರ್ ದೇಶಕ್ಕೆ ಸೇರಿವೆ. ಅಲ್ಲಿನ ದ್ವೀಪಗಳಲ್ಲಿ ಬೇರೆ ಬೇರೆ ಬಗೆಯ ದೈತ್ಯ ಆಮೆಗಳಿದ್ದವು. ತಿಂಗಳುಗಟ್ಟಲೆ ಅನ್ನ ನೀರಿಲ್ಲದೆ ಬದುಕುತ್ತವೆಂದು ತಿಮಿಂಗಿಲ ಬೇಟೆಯ ಹಡಗಿನವರು ಅವನ್ನು ಜೀವಂತ ಹೇರಿಕೊಂಡು ಹೋಗಿ ದಾರಿಯಲ್ಲಿ ಕೊಂದು ತಿನ್ನುತ್ತಿದ್ದರು. ಕೆಲವನ್ನು ಬೇರೆ ದ್ವೀಪದಲ್ಲಿ ಇಳಿಸಿಯೂ ಹೋದರು. ಫ್ಲೋರಿಯಾನಾ ದ್ವೀಪದ ಆಮೆ ಹತ್ತೊಂಬತ್ತನೇ ಶತಮಾನದಲ್ಲೇ ನಿರ್ನಾಮವಾಯಿತು. ಪಿಂಟಾ ದ್ವೀಪದಲ್ಲಿ 1971ರಲ್ಲಿ ಒಂದೇ ಒಂದು ಗಂಡು ಸಿಕ್ಕಿತು. ಅದಕ್ಕೆ 'ಒಂಟಿ ಜಾರ್ಜ್' ಎಂದು ಹೆಸರಾಯಿತು. ಹತ್ತಿರದ ಜಾತಿಯ ಹೆಣ್ಣುಗಳ ಜೊತೆ ಬಿಟ್ಟು ನೋಡಿದರು. 2008ರಲ್ಲಿ ಮೊಟ್ಟೆಗಳೇನೋ ಬಂದವು, ಮರಿಯಾಗಲಿಲ್ಲ. 2012ರ ಜೂನ್ 24ರಂದು ಜಾರ್ಜ್ ಸತ್ತಿತು. ಅದರ ಜೊತೆಗೆ ಆ ಬಳಗವೇ ಮುಗಿಯಿತು.

ಇನ್ನೊಂದು ವಿಷಯ ಕೇಳಿ. ಇಸಬೆಲಾ ದ್ವೀಪದ ವುಲ್ಫ್ ಜ್ವಾಲಾಮುಖಿಯ ಇಳಿಜಾರಿನಲ್ಲಿರುವ ಕೆಲವು ಆಮೆಗಳ ರಕ್ತ ಪರೀಕ್ಷೆ ಮಾಡಿದಾಗ, ಅವು ಫ್ಲೋರಿಯಾನಾದ ಆಮೆಗಳ ಬೆರಕೆ ಸಂತಾನ ಎಂದು ತಿಳಿಯಿತು. ಹಡಗಿನವರು ಇಳಿಸಿ ಹೋದವುಗಳ ಮೊಮ್ಮಕ್ಕಳು! ಕಳೆದುಹೋದದ್ದು ಬೆರಕೆ ಆಮೆಗಳ ಮೈಯಲ್ಲಿ ಉಳಿದಿತ್ತು. ಸಾಂತಾ ಕ್ರೂಜ್ ದ್ವೀಪದ ಕೇಂದ್ರದಲ್ಲಿ 2017ರಿಂದ ಅವುಗಳಿಂದಲೇ ಮರಿ ಮಾಡಿಸಿ, ಪೂರ್ವಿಕರ ದ್ವೀಪಕ್ಕೆ ಮರಳಿಸುವ ಕೆಲಸ ಹಿಡಿದರು. ಅದಕ್ಕೂ ಮೊದಲು, 2010ರಲ್ಲಿ, ಮರಿ ಹಾಕದಂತೆ ಶಸ್ತ್ರಚಿಕಿತ್ಸೆ ಮಾಡಿದ 39 ಬೆರಕೆ ಆಮೆಗಳನ್ನು ಪಿಂಟಾ ದ್ವೀಪಕ್ಕೆ ಬಿಟ್ಟಿದ್ದರು. ಆಮೆಗಳಿಲ್ಲದೆ ಪೊದೆ ಬೆಳೆದು ಕೆಟ್ಟಿದ್ದ ಆ ನೆಲದಲ್ಲಿ ಮೇಯುವುದು, ತುಳಿದು ದಾರಿ ಮಾಡುವುದು, ಬೀಜ ಹರಡುವುದು ಅವುಗಳ ಕೆಲಸ.

ಅಲ್ಲೂ ಬೆರಕೆ ಆಮೆ, ಇಲ್ಲೂ ಬೆರಕೆ ಆಮೆ. ಎರಡಕ್ಕೂ ವ್ಯತ್ಯಾಸವೇನು? ಅಲ್ಲಿ ಹುಟ್ಟುವ ಮರಿಗೆ ಹೋಗಲು ಒಂದು ನೆಲವಿದೆ, ಅದನ್ನು ಕಾಯುವ ಜನರಿದ್ದಾರೆ, ಅದರ ಹುಟ್ಟಿಗೆ ಆಮೆಗಳ ಹಿತವೇ ಕಾರಣ. ಇಲ್ಲಿ ಹುಟ್ಟುವ ಮರಿಗೆ ಊರಿಲ್ಲ. ಅರ್ಧ ಮರುಭೂಮಿ, ಅರ್ಧ ಹುಲ್ಲುಗಾವಲಿನ ಈ ಜೀವವನ್ನು ಆಫ್ರಿಕಾದ ಯಾವ ಕಾಡಿಗೂ ಬಿಡುವಂತಿಲ್ಲ, ನಮ್ಮ ಕಾಡಿಗಂತೂ ಬಿಡಲೇಬಾರದು. ಬೇರೆ ಯಾರ ಬಳಿಯೂ ಇಲ್ಲದ್ದು ನನ್ನ ಬಳಿ ಇದೆ ಎಂದು ತೋರಿಸುವ ಆಸೆಯೇ ಅದರ ಹುಟ್ಟಿಗೆ ಕಾರಣ. ಹುಟ್ಟಿದ ದಿನದಿಂದ ಸಾಯುವ ದಿನದವರೆಗೆ ಅದು ಯಾರದೋ ಖುಷಿಯ ಮೇಲೆ ಬದುಕಬೇಕು.

ಕರ್ಮ ಎಂದರೆ ಚೇತನ, ಅಂದರೆ ಕೃತ್ಯದ ಹಿಂದಿನ ಉದ್ದೇಶ ಎಂದು ಭಗವಾನರು ಕಲಿಸಿದರು. ಒಂದೇ ಕೆಲಸ ಎರಡು ಉದ್ದೇಶದಿಂದ ಎರಡು ಕೆಲಸವಾಗುತ್ತದೆ.

*"ಸೀಮೆ ಹಸುವೂ ಬೆರಕೆಯೇ ಅಲ್ಲವೇ?"*

ಈ ಬರಹದ ಕರಡನ್ನು ಒಬ್ಬ ತಾತನಿಗೆ ಓದಿ ಹೇಳಿದೆ. ಅವರು ನಕ್ಕು ಕೇಳಿದರು: "ಅಲ್ಲಪ್ಪಾ, ನಾವು ಕೋಳಿ ಸಾಕ್ತೀವಿ, ಕುರಿ ಮಾರ್ತೀವಿ. ನಮ್ಮ ಕೊಟ್ಟಿಗೇಲಿ ಇರೋದು ಸೀಮೆ ಹಸು, ಅದೂ ಬೆರಕೆನೇ. ಡೇರಿಗೆ ಹಾಲು ಹಾಕಿದ್ದಕ್ಕೇ ಮಕ್ಕಳು ಓದಿದ್ದು. ಹಾಗಾದ್ರೆ ನಾನೂ ಶೀಲ ಮುರಿದನಾ?"

ಒಳ್ಳೆಯ ಪ್ರಶ್ನೆ. ತಟ್ಟೆಯಲ್ಲಿ ಏನಿದೆ ಎಂದು ನೋಡಿ ಮನುಷ್ಯರನ್ನು ಅಳೆಯುವವರಿಂದ ನಾವು ಸಾಕಷ್ಟು ನೊಂದಿದ್ದೇವೆ. ಆ ಕೆಲಸವನ್ನು ಈ ಚಿಂತನ ಮಾಡುವುದಿಲ್ಲ.

'ಬುದ್ಧ ಮತ್ತು ಆತನ ಧಮ್ಮ' ಗ್ರಂಥದಲ್ಲಿ ಬಾಬಾಸಾಹೇಬರು ಅಹಿಂಸೆಯನ್ನು ವಿವರಿಸುವಾಗ ಒಂದು ಗೆರೆ ಎಳೆಯುತ್ತಾರೆ. ಕೊಲ್ಲಲೇಬೇಕಾದ ಅಗತ್ಯ ಬೇರೆ, ಕೊಲ್ಲಬೇಕೆಂಬ ಇಚ್ಛೆ ಬೇರೆ. ಬರೀ ಇಚ್ಛೆಗಾಗಿ ಕೊಲ್ಲುವುದನ್ನು ಬುದ್ಧರು ನಿಷೇಧಿಸಿದರು ಎಂದು ಅವರು ಓದುತ್ತಾರೆ. ಅಹಿಂಸೆ ಕಣ್ಣು ಮುಚ್ಚಿ ಪಾಲಿಸುವ ಕಟ್ಟಳೆಯಾಗದೆ, ವಿವೇಚಿಸಿ ನಡೆಯುವ ತತ್ವವಾಗಬೇಕು ಎಂಬುದು ಅವರ ನಿಲುವು.

ಅದೇ ಗೆರೆಯನ್ನು ನಾವು ಇಲ್ಲಿಗೂ ತರಬಹುದು. ಸಾಕುವ ಅಗತ್ಯ ಯಾವುದು, ಸಾಕಬೇಕೆಂಬ ಇಚ್ಛೆ ಯಾವುದು? ತಾತನ ಹಸು ಒಂದು ಮನೆಯ ಅನ್ನ. ಹಸು ಸಾವಿರಾರು ವರ್ಷದಿಂದ ಮನುಷ್ಯರ ಜೊತೆ ಬದುಕಿದೆ. ಅದಕ್ಕೆ ಏನು ಬೇಕೆಂದು ತಾತನಿಗೆ ಗೊತ್ತು, ಊರಿನಲ್ಲಿ ಪಶುವೈದ್ಯರಿದ್ದಾರೆ. ಆದರೂ ಅದನ್ನು ಹೊಡೆಯಬಾರದು, ಹಸಿವಿನಲ್ಲಿ ಇಡಬಾರದು ಎಂಬ ಹೊಣೆ ತಾತನ ಮೇಲಿದೆ. ಆಮೆಯಿಂದ ಯಾರ ಹಸಿವೂ ತೀರುವುದಿಲ್ಲ. ಕೊಳ್ಳುವವನಿಗೆ ಅದು ಅಗತ್ಯವೇ ಅಲ್ಲ. ಅಪರೂಪದ್ದು ಎಂಬುದಕ್ಕೇ ಬೆಲೆ. ನಾಳೆ ನಾಲ್ಕು ಮನೆಗೆ ಬಂದರೆ ಆ ಬೆಲೆಯೂ ಇಲ್ಲ, ಆ ಆಮೆಗೆ ಮರ್ಯಾದೆಯೂ ಇಲ್ಲ. ಇನ್ನೊಂದು ಹೊಸ ಬೆರಕೆ ಬೇಕಾಗುತ್ತದೆ. ತೃಷ್ಣೆ ಎಂದರೆ ಇದೇ.

"ಆದರೆ ಮಾರುವ ನನಗೆ ಅದು ಅಗತ್ಯವೇ ತಾನೇ?" ಎಂದು ತಮ್ಮ ಕೇಳಬಹುದು. ಹೌದು, ಅವನ ಹೊಟ್ಟೆಪಾಡು ನಿಜ. ಅದಕ್ಕೇ ಭಗವಾನರು ಆಜೀವವನ್ನು ಅಷ್ಟಾಂಗ ಮಾರ್ಗದ ಒಂದು ಅಂಗವಾಗಿಯೇ ಇಟ್ಟರು. ವಣಿಜ್ಜಾ ಸುತ್ತದಲ್ಲಿ ಉಪಾಸಕರು ಮಾಡಬಾರದ ಐದು ವ್ಯಾಪಾರಗಳಿವೆ: ಆಯುಧ, ಜೀವಿಗಳು, ಮಾಂಸ, ಮದ್ಯ, ವಿಷ. ಇದರಲ್ಲಿ ಎರಡನೆಯದಕ್ಕೆ ಹಳೆಯ ಅಟ್ಠಕಥೆ 'ಮನುಷ್ಯರ ಮಾರಾಟ' ಎಂದು ಅರ್ಥ ಹೇಳುತ್ತದೆ. ಇಂದಿನ ಅನೇಕ ಭಂತೇಜಿಗಳು ಎಲ್ಲ ಜೀವಿಗಳನ್ನೂ ಸೇರಿಸಿ ಬೋಧಿಸುತ್ತಾರೆ. ಸುತ್ತದ ಹೆಸರು ಹೇಳಿ ತಮ್ಮನ ಬಾಯಿ ಮುಚ್ಚಿಸುವುದು ನನ್ನ ಉದ್ದೇಶವಲ್ಲ. ಮನುಷ್ಯರನ್ನು ಸಂತೆಯಲ್ಲಿ ನಿಲ್ಲಿಸಿ ಬೆಲೆ ಕಟ್ಟುವುದು ಯಾಕೆ ತಪ್ಪು ಎಂದು ಕೇಳಿಕೊಂಡರೆ ಉತ್ತರ ತಾನಾಗಿ ಬರುತ್ತದೆ: ಅಲ್ಲಿ ಒಂದು ಜೀವದ ನೋವು ಲೆಕ್ಕಕ್ಕೇ ಬರುವುದಿಲ್ಲ, ಬೆಲೆ ಮಾತ್ರ ಲೆಕ್ಕ. ಆಮೆ ಮರಿಯನ್ನು ಡಬ್ಬಿಯಲ್ಲಿಟ್ಟು ಕೊರಿಯರ್ ಮಾಡುವಾಗಲೂ ಅದೇ ಆಗುತ್ತದೆ.

ಕರುಣೆ ಮನುಷ್ಯರ ಮೇಲಿನ ಪ್ರೀತಿ, ಮೈತ್ರಿ ಎಲ್ಲ ಜೀವಿಗಳ ಮೇಲಿನ ಪ್ರೀತಿ. ಕರುಣೆಯೊಂದೇ ಸಾಲದು ಎಂದು ಬಾಬಾಸಾಹೇಬರು ತಿಳಿಸಿದರು. 1956ರಲ್ಲಿ ನಾಗಪುರದಲ್ಲಿ ಕೊಟ್ಟ 22 ಪ್ರತಿಜ್ಞೆಗಳಲ್ಲೂ ಜೀವಿಗಳ ಮೇಲೆ ದಯೆ ಇಟ್ಟು ಪಾಲಿಸುವ ಮಾತಿದೆ. ದೀಕ್ಷೆ ತೆಗೆದುಕೊಂಡ ದಿನ ನಾವೆಲ್ಲ ಅದನ್ನು ಗಟ್ಟಿಯಾಗಿ ಹೇಳಿದ್ದೇವೆ.

*ನಮ್ಮ ನೆಲದ ನಕ್ಷತ್ರ ಆಮೆ*

ಇದೆಲ್ಲ ದೂರದ ವಿಷಯ ಎನ್ನಬೇಡಿ. ನಮ್ಮ ಆಂಧ್ರ ಗಡಿಯ ಕಡೆಯ ಒಣನೆಲದಲ್ಲಿ ನಕ್ಷತ್ರ ಆಮೆ ಇದೆ. ಚಿಪ್ಪಿನ ಮೇಲೆ ಹಳದಿ ಗೆರೆಗಳು ನಕ್ಷತ್ರದಂತೆ ಹರಡಿರುತ್ತವೆ. ಆ ಚೆಂದವೇ ಅದಕ್ಕೆ ಮುಳುವಾಯಿತು. ಭಾರತದ ಒಂದೇ ಸಂಗ್ರಹ ಪ್ರದೇಶದಿಂದ ವರ್ಷಕ್ಕೆ ಕನಿಷ್ಠ 55,000 ನಕ್ಷತ್ರ ಆಮೆಗಳು ಕಳ್ಳಸಾಗಣೆಗೆ ಹೋಗುತ್ತಿವೆ ಎಂದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿತು. 2019ರಲ್ಲಿ ಸೈಟಿಸ್ ಅಂತಾರಾಷ್ಟ್ರೀಯ ಒಪ್ಪಂದವು ಅದನ್ನು ಅತಿ ಹೆಚ್ಚು ರಕ್ಷಣೆಯ ಮೊದಲ ಪಟ್ಟಿಗೆ ಸೇರಿಸಿತು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದನ್ನು ಹಿಡಿಯುವುದು, ಮಾರುವುದು, ಮನೆಯಲ್ಲಿಟ್ಟುಕೊಳ್ಳುವುದು ಅಪರಾಧ.

ಇಲ್ಲಿ ಒಂದು ಅನ್ಯಾಯವನ್ನೂ ಕಾಣಬೇಕು. ಹೊಲದ ಬದುವಿನಲ್ಲಿ ಆಮೆ ಹೆಕ್ಕುವ ಕೂಲಿಯವನ ಕೈಗೆ ಸಿಗುವುದು ಚಿಲ್ಲರೆ ಕಾಸು. ಹೊರದೇಶದಲ್ಲಿ ಅದೇ ಆಮೆಗೆ ಹತ್ತಾರು ಪಟ್ಟು ಬೆಲೆ. ಸಿಕ್ಕಿಬಿದ್ದರೆ ಜೈಲಿಗೆ ಹೋಗುವುದು ಹೆಚ್ಚಾಗಿ ಬಡವ. ಆಸೆಪಟ್ಟು ಕೊಂಡವನ ಹೆಸರು ಯಾವ ಪೇಪರಿನಲ್ಲೂ ಬರುವುದಿಲ್ಲ.

ಆಮೆ ಇದ್ದರೆ ಮನೆಗೆ ಲಕ್ಷ್ಮಿ ಬರುತ್ತಾಳೆ, ವಾಸ್ತು ಸರಿಹೋಗುತ್ತದೆ ಎಂದು ಕೊಳ್ಳುವವರೂ ಇದ್ದಾರೆ. ಅವತಾರ, ಅದೃಷ್ಟಗಳ ಕಟ್ಟು ಬಿಚ್ಚಿಕೊಂಡು ಬಂದ ನಮ್ಮ ಮನೆಗಳಲ್ಲಾದರೂ ಈ ಮೂಢನಂಬಿಕೆ ಬೇಡ.

"ನಮ್ಮದು ವಿದೇಶಿ ಆಮೆ, ಅದೂ ಬೆರಕೆ, ಕಾನೂನು ತಾಗಲ್ಲ" ಎಂಬ ಮಾತೂ ಸುಳ್ಳು. ನೆಲದ ಆಮೆಗಳೆಲ್ಲವೂ ಸೈಟಿಸ್ ಪಟ್ಟಿಗಳಲ್ಲಿವೆ. ಹಿಂದಿನ ನಾಲ್ಕು ತಲೆಮಾರಿನೊಳಗೆ ಪಟ್ಟಿಯಲ್ಲಿರುವ ಜಾತಿ ಬೆರೆತಿದ್ದರೆ ಬೆರಕೆ ಮರಿಗೂ ಅದೇ ನಿಯಮ ಎಂದು ಒಪ್ಪಂದದ ದೇಶಗಳು ನಿರ್ಧರಿಸಿವೆ. ನಮ್ಮ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯ ಪ್ರಕಾರ ಇಂಥ ಪ್ರಾಣಿ ಇಟ್ಟುಕೊಂಡವರು ನೋಂದಣಿ ಮಾಡಿಸಬೇಕು. ವಿಡಿಯೋ ಮಾಡಿದವರು ಇದನ್ನು ಹೇಳುವುದಿಲ್ಲ. ಸಾಲ ಮಾಡಿದ ಹುಡುಗನ ಮೇಲೆ ಕೇಸಾದರೆ ಅವರು ಜಾಮೀನಿಗೂ ಬರುವುದಿಲ್ಲ.

*ಈಗಾಗಲೇ ಮನೆಯಲ್ಲಿ ಆಮೆ ಇದ್ದರೆ*

ಕೆಲವರ ಮನೆಯಲ್ಲಿ ಈಗಾಗಲೇ ಆಮೆ ಇರಬಹುದು. ಭಯ ಬೇಡ, ಆದರೆ ಹೊಣೆ ಬೇಕು. ನಕ್ಷತ್ರ ಆಮೆಯಂಥ ನಮ್ಮ ದೇಶದ ಆಮೆ ಇದ್ದರೆ ಅರಣ್ಯ ಇಲಾಖೆಗೆ ಒಪ್ಪಿಸಿ. ವಿದೇಶಿ ಆಮೆ ಇದ್ದರೆ ನೋಂದಣಿ ವಿಚಾರಿಸಿ, ಕೊನೆಯವರೆಗೆ ಚೆನ್ನಾಗಿ ನೋಡಿಕೊಳ್ಳಿ. ಬಿಸಿಲು, ಸರಿಯಾದ ಸೊಪ್ಪು, ಸುಣ್ಣದಂಶ ಸಿಗದ ಆಮೆಯ ಮೂಳೆ ಮೆತ್ತಗಾಗುತ್ತದೆ, ಚಿಪ್ಪು ವಿಕಾರವಾಗಿ ಬೆಳೆಯುತ್ತದೆ. ಬೇರೆ ಜಾತಿಯ ಆಮೆಗಳನ್ನು ಒಟ್ಟಿಗೆ ಬಿಡಬೇಡಿ, ಮರಿ ಮಾಡಿಸಬೇಡಿ.

ಸಾಕಲಾಗದೆಂದು ಕೆರೆಗೆ ಬಿಡುವುದನ್ನಂತೂ ಮಾಡಲೇಬೇಡಿ. ನೆಲದ ಆಮೆಗೆ ಈಜು ಬಾರದು, ಮುಳುಗಿ ಸಾಯುತ್ತದೆ. ಅಂಗಡಿಯಲ್ಲಿ ಸಿಗುವ ಕೆಂಪು ಕಿವಿಯ ವಿದೇಶಿ ನೀರಾಮೆಯಾದರೆ ಬದುಕಿಕೊಂಡು ಕೆರೆಯಲ್ಲಿರುವ ನಮ್ಮ ಆಮೆಗಳ ಆಹಾರ, ಜಾಗ ಕಸಿಯುತ್ತದೆ. ಜೀವದಾನದ ಪುಣ್ಯ ಎಂದು ಕೆಲವು ಬೌದ್ಧ ದೇಶಗಳಲ್ಲೂ ಆಮೆ ಕೊಂಡು ಬಿಡುವ ರೂಢಿ ಇದೆ. ಬಿಡಲೆಂದೇ ಹಿಡಿದು ಮಾರುವ ವ್ಯಾಪಾರ ಅದರಿಂದ ಬೆಳೆಯಿತು. ಪ್ರಜ್ಞೆ ಇಲ್ಲದ ಕರುಣೆ ಎಲ್ಲಿಗೆ ಮುಟ್ಟುತ್ತದೆ ನೋಡಿ.

*ತಮ್ಮನಿಗೆ ಒಂದು ಮಾತು*

ತಮ್ಮಾ, ನಿನ್ನ ಪ್ರಶ್ನೆಯಲ್ಲಿ ಕಪಟವಿರಲಿಲ್ಲ. ವ್ಯಾಪಾರ ಶುರು ಮಾಡುವ ಮುಂಚೆ ಶೀಲವನ್ನು ನೆನೆದೆಯಲ್ಲ, ಅಷ್ಟಕ್ಕೇ ಈ ವಿಹಾರ ಕಟ್ಟಿದ್ದು ಸಾರ್ಥಕ. ನನ್ನ ಉತ್ತರ ಇದು: ಈ ವ್ಯಾಪಾರ ಬೇಡ. ಬೆರಕೆ ಅಶುದ್ಧ ಎಂಬ ಕಾರಣಕ್ಕಲ್ಲ. ಎಪ್ಪತ್ತು ವರ್ಷ ಬಾಳುವ ಒಂದು ಜೀವವನ್ನು, ಅದಕ್ಕೆ ನೆಲವಿಲ್ಲ, ನೆಲೆಯಿಲ್ಲ ಎಂದು ಗೊತ್ತಿದ್ದೂ, ಇನ್ನೊಬ್ಬರ ಶೋಕಿಗಾಗಿ ಹುಟ್ಟಿಸಿ, ದುಡ್ಡು ಎಣಿಸಿಕೊಂಡು ಕೈತೊಳೆದುಕೊಳ್ಳುವುದು ಆಗುತ್ತದೆ ಎಂಬುದಕ್ಕೆ. ಅಮೆರಿಕದ ಅರಿಝೋನಾದಲ್ಲಿ ಜನ ಮುದ್ದಾಗಿದೆಯೆಂದು ಕೊಂಡು, ದೊಡ್ಡದಾದ ಮೇಲೆ ಬಿಟ್ಟುಬಿಟ್ಟ ಸಲ್ಕಾಟಾಗಳನ್ನು ಇಟ್ಟುಕೊಳ್ಳಲು ಆಶ್ರಯ ಕೇಂದ್ರಗಳಿಗೆ ಜಾಗ ಸಾಲುತ್ತಿಲ್ಲ. ಅವೂ ಒಂದು ದಿನ ಯಾರದೋ ಅಂಗೈ ಮೇಲೆ ಕೂತಿದ್ದ ಮರಿಗಳೇ.

'ಬೇಡ' ಎಂದಷ್ಟೇ ಹೇಳಿ ನಿನ್ನನ್ನು ಮನೆಗೆ ಕಳಿಸಿದರೆ ಅದು ಮೈತ್ರಿಯಾಗುವುದಿಲ್ಲ. ಮುಂದಿನ ಭಾನುವಾರ ಸಭೆ ಮುಗಿದ ಮೇಲೆ ನಿಲ್ಲು. ನಮ್ಮಲ್ಲಿ ಬ್ಯಾಂಕಿನವರಿದ್ದಾರೆ, ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡುವವರಿದ್ದಾರೆ. ಡಾ. ಬಿ.ಆರ್. ಅಂಬೇಡ್ಕರ್ ಅಭಿವೃದ್ಧಿ ನಿಗಮದಲ್ಲಿ ಸ್ವಉದ್ಯೋಗದ ಸಾಲ ವಿಚಾರಿಸಲು ಇಬ್ಬರು ನಿನ್ನ ಜೊತೆ ಬರುತ್ತಾರೆ. ಪ್ರಾಣಿಗಳ ಮೇಲೆ ನಿನಗಿರುವ ಪ್ರೀತಿ ನಿಜವಾದದ್ದು, ಅದಕ್ಕೆ ತಕ್ಕ ಕೆಲಸ ಹುಡುಕೋಣ.

ಅಕ್ಕಾ, ನಿಮ್ಮ ಮಾತು ನಮ್ಮೆಲ್ಲರ ನಾಲಿಗೆಯನ್ನು ತಿದ್ದಿತು. ಆ ಹಿರಿಯರು ಮರುದಿನ ನನಗೆ ಫೋನ್ ಮಾಡಿ, "ಆ ತಾಯಿಗೆ ನನ್ನ ಕಡೆಯಿಂದ ಕ್ಷಮೆ ಹೇಳಿ" ಎಂದರು. ನೀವೇ ಹೇಳಿ ಎಂದಿದ್ದೇನೆ. ಭಾನುವಾರ ಹೇಳುತ್ತಾರೆ.

*ಕೊನೆಗೆ, ಆಮೆಯ ಪಾಠ*

ಭಗವಾನರು ಆಮೆಯನ್ನೇ ಉಪಮೆಯಾಗಿಟ್ಟು ಒಮ್ಮೆ ಬೋಧಿಸಿದ್ದಾರೆ. ಸಂಜೆ ಹೊತ್ತು ಹೊಳೆಯ ದಂಡೆಯಲ್ಲಿ ಆಮೆ ಮೇಯುತ್ತಿತ್ತು. ನರಿ ಬಂತು. ಆಮೆ ನಾಲ್ಕು ಕಾಲು, ತಲೆ ಎಲ್ಲವನ್ನೂ ಚಿಪ್ಪಿನೊಳಗೆ ಎಳೆದುಕೊಂಡು ಸುಮ್ಮನೆ ಕೂತಿತು. ಯಾವುದಾದರೂ ಒಂದು ಅಂಗ ಹೊರಬರಲಿ ಎಂದು ನರಿ ಕಾದು ಕಾದು ಹೊರಟುಹೋಯಿತು. ಹಾಗೆಯೇ ಕಣ್ಣು, ಕಿವಿ, ಮೂಗು, ನಾಲಿಗೆ, ಮೈ, ಮನಸ್ಸುಗಳನ್ನು ಕಾಯ್ದುಕೊಳ್ಳಿ ಎಂದರು.

ಇಂದ್ರಿಯಗಳನ್ನು ಹಿಡಿತದಲ್ಲಿಡಲು ನಮಗೆ ಗುರುವಾದ ಜೀವ ಅದು. ಅದನ್ನೇ ಕಣ್ಣಿನ ಆಸೆಗೆ ಗಾಜಿನ ಪೆಟ್ಟಿಗೆಯಲ್ಲಿ ಕೂಡಿಹಾಕುವ ಮುಂಚೆ ಒಂದು ಕ್ಷಣ ನಿಲ್ಲೋಣ.

*ಇಂದಿನ ಚಿಂತನೆಗೆ ಮೂರು ಪ್ರಶ್ನೆಗಳು*

1. ನಾನು ಕೊಳ್ಳಲಿರುವ ವಸ್ತು ಅಥವಾ ಜೀವ ನನಗೆ ಅಗತ್ಯವೋ, ಬರೀ ಇಚ್ಛೆಯೋ?

2. ನನ್ನ ದುಡಿಮೆಯಿಂದ ಬರುವ ಲಾಭದ ನೋವನ್ನು ಬೇರೆ ಯಾರಾದರೂ ಹೊರುತ್ತಿದ್ದಾರೆಯೇ? ಅವರು ಬಾಯಿಲ್ಲದ ಜೀವಿಗಳೇ?

3. ಶುದ್ಧ, ಬೆರಕೆ, ಮೈಲಿಗೆ ಎಂಬ ಮಾತುಗಳು ನನಗೇ ಗೊತ್ತಿಲ್ಲದೆ ನನ್ನ ನಾಲಿಗೆಯಲ್ಲಿ ಎಲ್ಲೆಲ್ಲಿ ಉಳಿದಿವೆ?

ಮನೆಯವರೊಂದಿಗೆ ಮಾತಾಡಿ. ನಿಮ್ಮ ಉತ್ತರವನ್ನು ಭಾನುವಾರ ವಿಹಾರಕ್ಕೆ ತನ್ನಿ. ಒಪ್ಪದಿದ್ದರೆ ಒಪ್ಪುವುದಿಲ್ಲ ಎಂದೇ ಹೇಳಿ. ಪ್ರಶ್ನೆ ಮಾಡುವುದು ನಮ್ಮ ಪರಂಪರೆ.

ಎಲ್ಲ ಜೀವಿಗಳಿಗೂ ಒಳಿತಾಗಲಿ.

ನಮೋ ಬುದ್ಧಾಯ 🙏 ಜೈ ಭೀಮ್ 💙